ಬೀಗದ ಪಾಠ ಹೇಳಿದ ಬಾಯಾರು

ಬಾಯಾರು ಯಾರನ್ನು ಕಂಡರೂ ಆರಾಮ ಇದ್ದೀರಾ ಎಂದು ಕೇಳುವ ಮೊದಲು ಅವರ ಫೋನು ಕೇಳುತ್ತಿದ್ದರು. ಕೊಟ್ಟವರ ಕತೆ ಮುಗಿಯಿತು. ಬ್ರೌಸರ್ ತೆರೆದು, ಮೇಲಿನ ಪಟ್ಟಿಯಲ್ಲಿದ್ದ ವಿಳಾಸ ಪೂರ್ತಿ ಕಾಣುವಂತೆ ಮಾಡಿ, "ಇದು ಯಾರ ಮನಿ, ಹೇಳ್ರಿ ನೋಡೂಣು" ಎನ್ನುತ್ತಿದ್ದರು. ಮದುವೆ ಊಟದ ಸಾಲು, ಖಾನಾಪುರದ ರೈಲು ನಿಲ್ದಾಣ, ಸಂತೆ, ಯಾವ ಜಾಗವೂ ಅವರಿಗೆ ವರ್ಜ್ಯವಲ್ಲ. ಕೊನೆಕೊನೆಗೆ ದವಾಖಾನೆಯಲ್ಲಿ ರಕ್ತ ತೆಗೆಯಲು ಬಂದ ನರ್ಸಿನ ಫೋನನ್ನೂ ಬಿಡಲಿಲ್ಲ. ಒಂದು ಕೈಗೆ ಸೂಜಿ ಚುಚ್ಚಿಸಿಕೊಳ್ಳುತ್ತ, ಇನ್ನೊಂದು ಕೈಯ ಬೆರಳು ಪರದೆಯ ಮೇಲಿಟ್ಟು ಆ ಹುಡುಗಿಗೆ ಪಾಠ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಹೊರಗೆ ಹೋಗಿ ಅತ್ತು ಬಂದೆ.

ಅವರು ಹೋಗಿ ಒಂದು ಮಳೆಗಾಲ ಕಳೆಯಿತು. ನಮ್ಮ ಬೆಳಗಾವಿ ಕಡೆ ಕಲಿಸುವ ಹೆಂಗಸರನ್ನು ಬಾಯಾರು ಎನ್ನುತ್ತೇವೆ. ಅವರಿಗೂ ಒಂದು ಹೆಸರಿತ್ತು, ಆದರೆ ಅದನ್ನು ಕರೆದವರು ಕಡಿಮೆ. ನಾನೂ ಕರೆದವನಲ್ಲ, ಈಗ ಬರೆಯುವುದೂ ಇಲ್ಲ.

ಖಾನಾಪುರದ ಬಸ್ ನಿಲ್ದಾಣದ ಹತ್ತಿರ, ಕಿರಾಣಿ ಅಂಗಡಿಯೊಂದರ ಮಾಳಿಗೆಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸು. ಅಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ, ಅವರು ಇಂಟರ್ನೆಟ್ ಕಲಿಸುತ್ತಿದ್ದರು. ಅವರು ಶಹಾಪುರದ ಜೈನರ ಮನೆಯವರು, ನಾನು ವಡಗಾವಿಯ ನೇಕಾರರ ಮನೆಯವನು. ಬೆಳಗಾವಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದೆವು. ನಾನು ಹುಟ್ಟಾ ಸಿಡುಕ. ಬಸ್ಸು ತಡವಾದರೆ ಸರಕಾರವನ್ನು ಬೈಯುತ್ತಿದ್ದೆ, ಬೇಗ ಬಂದರೆ ಚಹಾ ಅರ್ಧಕ್ಕೆ ಬಿಡಬೇಕಾಯಿತೆಂದು ಡ್ರೈವರನನ್ನು ಬೈಯುತ್ತಿದ್ದೆ. ಬಾಯಾರು ನನ್ನ ಮಾತೆಲ್ಲ ಕೇಳಿಸಿಕೊಂಡು, "ಆತ್ರಿ ಸರ್? ಮುಗೀತ? ಈಗ ಕುಂದರ್ರಿ" ಎನ್ನುತ್ತಿದ್ದರು.

ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ. ಹಾಗಾಗಿ ಸಂಜೆಯ ಬ್ಯಾಚು ನಡುವೆ ನಿಲ್ಲುತ್ತಿತ್ತು. ಕಿಡಕಿಯ ಹತ್ತಿರ ಕುಳಿತು, ಬಿಸಿಲು ಎಲ್ಲಿಯವರೆಗೆ ಇದೆ ನೋಡುತ್ತ, ಡಬ್ಬಿಯಲ್ಲಿದ್ದ ಚಪಾತಿ ಉಣ್ಣುತ್ತಿದ್ದರು. ಉಣ್ಣುವಾಗಲೂ ಬಾಯಿಗೆ ಬಿಡುವಿಲ್ಲ. "ಸ್ಲ್ಯಾಶ್ ಹುಡುಕ್ರಿ, ನಾ ಉಣ್ಣೂತನಕ ಹುಡುಕ್ರಿ" ಎಂದು ಹುಡುಗಿಯರಿಗೆ ಕೆಲಸ ಹಚ್ಚುತ್ತಿದ್ದರು.

ಅವರ ಪಾಠ ಶುರುವಾಗುವುದು ಟಪಾಲಿನಿಂದ. ಹಲಗೆಯ ಮೇಲೆ ದೊಡ್ಡದೊಂದು ಲಕೋಟೆ ಬರೆದು, ಮೇಲೆ ಹೆಸರು, ಅದರ ಕೆಳಗೆ ಓಣಿ, ಹಳ್ಳಿ, ತಾಲೂಕು ಖಾನಾಪುರ, ಜಿಲ್ಲಾ ಬೆಳಗಾವಿ ಎಂದು ತುಂಬುತ್ತಿದ್ದರು.

"ಬರಿಯೂದು ಮ್ಯಾಲಿಂದ. ಟಪಾಲಿನವರು ಓದೂದು ಎಲ್ಲಿಂದ?"

"ಕೆಳಗಿಂದ್ರಿ ಬಾಯಾರ."

"ಹೌದಲ್ಲ? ಮೊದಲ ಜಿಲ್ಲಾ ನೋಡತಾರ, ಆಮ್ಯಾಲ ತಾಲೂಕು, ಆಮ್ಯಾಲ ಊರು. ನಿಮ್ಮ ಹೆಸರು ಕಡೀಕ. ಬ್ರೌಸರ್‌ದ್ದೂ ಹಂಗ. ನಾವು ಎಡಗಡಿಂದ ಓದತೇವಿ, ಅದು ಬಲಗಡಿಂದ ಹುಡುಕತೈತಿ."

ಆಮೇಲೆ ಒಂದು ವೆಬ್ ವಿಳಾಸ ಬರೆದು ಒಬ್ಬೊಬ್ಬರನ್ನೇ ಹಲಗೆಗೆ ಕರೆಯುತ್ತಿದ್ದರು. "ಮೊದಲಿಗೆ ಬರೂ ಎಚ್‌ಟಿಟಿಪಿಎಸ್ ಅಂದ್ರ ಯಾವ ಹಾದೀಲೆ ಹೋಗೂದು ಅನ್ನೂದು. ಅದರ ಜೋಡಿ ಸ್ಲ್ಯಾಶ್ ಬಿಟ್ಟ ಬಿಡ್ರಿ. ಅದರ ಮುಂದ ಮೊದಲ ಒಂಟಿ ಸ್ಲ್ಯಾಶ್ ಎಲ್ಲಿ ಬರತೈತಿ, ಅಲ್ಲಿ ಬೆರಳ ಇಡ್ರಿ. ಈಗ ಹಿಂದಕ, ಎಡಕ್ಕ ಬರ್ರಿ. ಚುಕ್ಕಿ ಚುಕ್ಕಿ ನಡುವ ಇರೂದು ಒಂದೊಂದು ತುಣುಕು. ಕಡೀ ತುಣುಕು, ಅದರ ಬಾಜೂಕಿಂದು, ಇವೆರಡೂ ಕೂಡಿದ್ರ ಮನಿ ಮಾಲಕನ ಹೆಸರು. ಅದರ ಎಡಕ್ಕ ಏನ ಬರದಿದ್ರೂ ನಂಬಬ್ಯಾಡ್ರಿ. ಅದನ್ನ ಮಾಲಕ ತನಗ ಬೇಕಾದಂಗ ಬರಕೋತಾನ." ಸರಕಾರದ ವಿಳಾಸವಾದರೆ ಕೊನೆಯ ಎರಡೂ ತುಣುಕು ಸರಕಾರಕ್ಕೇ ಸೇರಿದವು, ಕಚೇರಿಯ ಹೆಸರಿಗಾಗಿ ಇನ್ನೊಂದು ತುಣುಕು ಎಡಕ್ಕೆ ಸರಿಯಬೇಕು ಎಂದೂ ಹೇಳುತ್ತಿದ್ದರು. ಒಂಟಿ ಸ್ಲ್ಯಾಶಿನ ಬಲಕ್ಕಿರುವುದು ಮನೆಯೊಳಗಿನ ಕೋಣೆ. ಪ್ರಶ್ನೆಯ ಚಿಹ್ನೆ ಬಂದರೆ ಅದರ ಮುಂದಿನದು ನಾವು ಮಾಲಕನಿಗೆ ಹೇಳಿ ಕಳಿಸುವ ಮಾತು. ಹ್ಯಾಶ್ ಚಿಹ್ನೆಯ ಮುಂದಿನದನ್ನು ಮಾತ್ರ ಬ್ರೌಸರ್ ಮಾಲಕನಿಗೆ ಕೊಡುವುದೇ ಇಲ್ಲ. ತನ್ನ ಹತ್ತಿರವೇ ಇಟ್ಟುಕೊಂಡು, ಪುಟ ಬಂದ ಮೇಲೆ ಅದರಲ್ಲಿ ಯಾವ ಜಾಗ ತೋರಿಸಬೇಕೋ ಅಲ್ಲಿಗೆ ಸರಿಯುತ್ತದೆ.

"ಯಾಕ ಕೊಡೂದಿಲ್ರಿ?" ಎಂದು ಒಬ್ಬಳು ಕೇಳಿದಳು.

"ಮಾಲಕಗ ಅದರ ಗರಜ ಇಲ್ಲವ್ವಾ. ಎಲ್ಲಾನೂ ಎಲ್ಲಾರ ಮುಂದ ಹೇಳಬೇಕಂತ ಎಲ್ಲೈತಿ?"

ಖಾನಾಪುರದಲ್ಲಿ ಅರ್ಧ ಮಕ್ಕಳು ಮರಾಠಿಯವರು. ಇದೇ ಪಾಠವನ್ನು ಬಾಯಾರು ಅರ್ಧ ತಾಸಿನಲ್ಲಿ ಮರಾಠಿಯಲ್ಲಿ ಮತ್ತೆ ಮಾಡುತ್ತಿದ್ದರು. ಟೈಪಿಂಗ್ ಕೋಣೆಯಲ್ಲಿ ಕುಳಿತ ನನಗೆ ಎರಡೂ ಭಾಷೆಯಲ್ಲಿ ಬಾಯಿಪಾಠವಾಗಿತ್ತು. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ ಎಂದು ಅವರನ್ನು ಛೇಡಿಸುತ್ತಿದ್ದೆ.

ಆದರೆ ಇಷ್ಟು ಪೂರ್ತಿ ಪಾಠ ಎಲ್ಲರಿಗೂ ಸಿಗುತ್ತಿರಲಿಲ್ಲ. ದೂರದ ಹಳ್ಳಿಗಳಿಂದ ಕೆಲವೇ ದಿನಕ್ಕೆಂದು ಬರುವ ಹುಡುಗಿಯರಿದ್ದರು. ಅರ್ಜಿ ತುಂಬುವುದಷ್ಟು ಕಲಿತರೆ ಸಾಕೆಂದು ಮನೆಯವರು ಕಳಿಸಿದವರು. ಅಂಥವರಿಗೆ ಬಾಯಾರು ಒಂದು ಸುಲಭದ ದಾರಿ ಹೇಳುತ್ತಿದ್ದರು. ವಿಳಾಸದ ಎಡಕ್ಕೆ ಪುಟ್ಟ ಬೀಗದ ಚಿತ್ರ ಇದೆಯೋ ನೋಡಿ. ಬೀಗ ಇದ್ದರೆ ಖರೇ ಮನೆ, ಇರದಿದ್ದರೆ ಒಳಗೆ ಕಾಲಿಡಬೇಡಿ. ಮೊದಮೊದಲು ಆ ಮಾತು ಹೆಚ್ಚುಕಡಿಮೆ ನಡೆಯಿತು, ಯಾಕೆಂದರೆ ಆಗ ಬೀಗ ಪಡೆಯುವುದು ಖಟಪಟಿಯ ಕೆಲಸವಾಗಿತ್ತು. ಆಮೇಲೆ ಯಾರು ಬೇಕಾದರೂ ಸಲೀಸಾಗಿ ಬೀಗ ಹಾಕಿಕೊಳ್ಳುವಂತಾಯಿತು. ಬೀಗ ಹೇಳುವುದು ಹಾದಿಯಲ್ಲಿ ಯಾರೂ ಇಣುಕುವುದಿಲ್ಲ ಎಂದಷ್ಟೇ. ಆ ಹಾದಿ ಯಾರ ಮನೆಗೆ ಹೋಗುತ್ತದೆ, ಒಳಗಿರುವವನು ಸಭ್ಯನೋ ಕಳ್ಳನೋ ಅದು ಹೇಳುವುದಿಲ್ಲ. ಈ ಬದಲಾವಣೆ ಬಾಯಾರ ಗಮನಕ್ಕೆ ಬರಲಿಲ್ಲ.

ಸವಿತಾ ಎಂಬ ಹುಡುಗಿ ಬಂದದ್ದು ಹೀಗೆ ಕೆಲವೇ ದಿನಕ್ಕೆ. ಖಾನಾಪುರದಾಚೆ ಕಾಡಂಚಿನ ಹಳ್ಳಿ, ಎಮ್ಮೆ ಕಾಯುವ ಮನೆತನ. ಅವರ ಮನೆಯಲ್ಲಿ ಹನ್ನೆರಡನೆಯ ಇಯತ್ತೆ ದಾಟಿದ ಮೊದಲ ಹುಡುಗಿ. ನರ್ಸಿಂಗ್ ಓದಬೇಕೆಂದು ಅವಳ ಆಸೆ. ಬಾಯಾರಿಗೆ ಅವಳೆಂದರೆ ಜೀವ. ಟೈಪಿಂಗ್ ಕಲಿಸಲು ನನಗೆ ಒಪ್ಪಿಸುವಾಗ, "ಸರ್, ಈಕಿಗೆ ಮಾತ್ರ ಸಿಡುಕಬ್ಯಾಡ್ರಿ" ಎಂದು ಮೊದಲೇ ತಾಕೀತು ಮಾಡಿದ್ದರು.

ಒಂದು ಮಧ್ಯಾಹ್ನ ಸವಿತಾ ಅಳುತ್ತ ಮೆಟ್ಟಿಲು ಹತ್ತಿ ಬಂದಳು. ಅಣ್ಣ ಜೊತೆಗಿದ್ದ. ಅವನು ಒಳಗೆ ಬರದೆ ಬಾಗಿಲಲ್ಲೇ ಕೈಕಟ್ಟಿ ನಿಂತ. ಪ್ರವೇಶದ ಅರ್ಜಿ ತುಂಬಿದ್ದು ಕಳ್ಳ ಜಾಲತಾಣದಲ್ಲಿ. ಕಾಲೇಜಿನಲ್ಲಿ ವಿಚಾರಿಸಿದರೆ ನಿನ್ನ ಅರ್ಜಿಯೇ ಬಂದಿಲ್ಲ ಎಂದರಂತೆ. ಕೊನೆಯ ದಿನಾಂಕ ದಾಟಿ ಹೋಗಿತ್ತು.

ಬಾಯಾರು ಫೋನು ಇಸಿದುಕೊಂಡು ನೋಡಿದರು. ವಿಳಾಸದ ಮೊದಲಿಗೆ ಕಾಲೇಜಿನ ಹೆಸರು ಇತ್ತು. ಒಂಟಿ ಸ್ಲ್ಯಾಶಿನಿಂದ ಹಿಂದಕ್ಕೆ ಬಂದರೆ ಮಾಲಕ ಬೇರೆ ಯಾರೋ.

"ಮ್ಯಾಲ ನೋಡ್ಲಿಲ್ಲೇನವ್ವಾ?"

ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. "ನೋಡಿದ್ನಿರಿ. ಬೀಗ ಇತ್ತು. ಬೀಗ ಇದ್ರ ಖರೇ ಮನಿ ಅಂತ ನೀವ ಹೇಳಿದ್ರಿ."

ಬಾಯಾರು ಕುರ್ಚಿ ಹಿಡಿದುಕೊಂಡು ಕುಳಿತರು. ಅವರ ಮುಖ ಹಾಗಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಕಾಲೇಜಿಗೆ ಫೋನು ಹಚ್ಚಿದರು, ಮರುದಿನ ನನ್ನನ್ನೂ ಕರೆದುಕೊಂಡು ಹೋಗಿ ಕೈಮುಗಿದು ಕೇಳಿದರು. ಕಾಲೇಜಿನವರು ಪಾಪ ಚಲೋ ಮಾತಾಡಿದರು, ಆದರೆ ಸೀಟು ಭರ್ತಿಯಾಗಿತ್ತು. ಮುಂದಿನ ವರ್ಷ ನೋಡೋಣ ಎಂದರು. ಹೆಣ್ಣುಮಗಳನ್ನು ಮುಂದಿನ ವರ್ಷದವರೆಗೆ ಕೂಡಿಸಿಕೊಳ್ಳುವ ಮನೆ ಅದಾಗಿರಲಿಲ್ಲ. ದೀಪಾವಳಿ ಮುಗಿಯುತ್ತಲೇ ಹಳಿಯಾಳದ ಕಡೆ ಮದುವೆ ಮಾಡಿ ಕೊಟ್ಟರು.

ಅಲ್ಲಿಂದ ಶುರುವಾಯಿತು ಬಾಯಾರ ತಿರುಗಾಟ. ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕರೂ ಹಿಡಿದು ನಿಲ್ಲಿಸಿ, "ನಾ ನಿಮಗ ಬೀಗದ ಪಾಠ ತಪ್ಪ ಕಲಿಸೇನಿ" ಎಂದು ಹೇಳುವುದು. ಮರಾಠಿಯವರಾದರೆ "ಮೀ ಚುಕೀಚಂ ಶಿಕವಲಂ" ಎಂದು ಅದನ್ನೇ ಹೇಳುವುದು. ಖಾನಾಪುರದ ಸಂತೆಯಲ್ಲಿ ತರಕಾರಿ ಮಾರುವ ಹುಡುಗಿಯ ತಕ್ಕಡಿ ನಿಲ್ಲಿಸಿ ಹೇಳಿದರು. ರೈಲಿನಲ್ಲಿ ಡಬ್ಬಿಯಿಂದ ಡಬ್ಬಿಗೆ ಹೋಗಿ ಹೇಳಿದರು. ಅವರು ಮುಂಚೆ ವಡಗಾವಿಯಲ್ಲೂ ಒಂದಷ್ಟು ದಿನ ಕಲಿಸಿದ್ದರು. ಅಲ್ಲಿಯವರನ್ನು ಹುಡುಕಲು ನನ್ನನ್ನು ಜೊತೆಗೆ ಕರೆದರು.

ನಮ್ಮ ಓಣಿಗಳಲ್ಲಿ ಮಗ್ಗಗಳ ಸದ್ದು ಹಗಲಿಡೀ. ಎದುರಿಗೆ ನಿಂತವರ ಮಾತೂ ಕೇಳುವುದಿಲ್ಲ. ನಡೆಯುವ ಲೂಮ್ ನಿಲ್ಲಿಸೆಂದರೆ ನೇಕಾರರಿಗೆ ಸಿಟ್ಟು ಬರುತ್ತದೆ. ಬಾಯಾರು ಒಂದೊಂದು ಮನೆಗೂ ಹೋಗಿ, ಬಾಗಿಲಲ್ಲಿ ನಿಂತು, ಕೈಸನ್ನೆ ಮಾಡಿ ಲೂಮ್ ನಿಲ್ಲಿಸಿದರು. ನಮ್ಮ ಕಾಕಾನ ಸೊಸೆ ಅವರ ಹಳೆಯ ವಿದ್ಯಾರ್ಥಿನಿ. ಅವಳು ಎಲ್ಲ ಕೇಳಿ, "ಬಾಯಾರ, ನನಗ ನೀವು ಕಲಿಸಿದ್ದು ಏನೂ ನೆನಪಿಲ್ರಿ. ತಪ್ಪೂ ನೆನಪಿಲ್ಲ, ಬರೋಬ್ಬರಿನೂ ನೆನಪಿಲ್ಲ. ಚಹಾ ಕುಡೀರಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಬಾಯಾರು ನಗಲಿಲ್ಲ. ನೂಲಿನ ರಾಶಿಯ ಪಕ್ಕ ಕುಳಿತು, ಮೊದಲ ಒಂಟಿ ಸ್ಲ್ಯಾಶ್ ಎಲ್ಲಿದೆ ಎಂಬಲ್ಲಿಂದ ಪಾಠ ಮತ್ತೆ ಶುರುಮಾಡಿದರು. ಲೂಮ್ ಅಷ್ಟು ಹೊತ್ತು ನಿಂತೇ ಇತ್ತು.

ದಾರಿಯಲ್ಲಿ ನಾನು ಸಿಡುಕಿದೆ. "ಹಿಂಗ ಊರತುಂಬ ಡಂಗುರ ಹೊಡದ್ರ ನಮ್ಮ ಕ್ಲಾಸಿಗೆ ಯಾರ ಬರತಾರ?"

"ಬರದಿದ್ರ ಬಿಡ್ರಿ ಸರ್. ತಪ್ಪ ಕಲತು ಹೋದವರ ಮನಿಗೆ ನಾವ ಹೋಗಬೇಕು."

ಖರೇ ಹೇಳಬೇಕೆಂದರೆ ಆ ತಿರುಗಾಟದಿಂದ ಎಷ್ಟೋ ಜನಕ್ಕೆ ಒಳ್ಳೆಯದಾಯಿತು. ಕಳ್ಳ ವಿಳಾಸದ ಮೆಸೇಜು ಬಂದಾಗ ಬಾಯಾರ ಮಾತು ನೆನಪಾಗಿ ಉಳಿದುಕೊಂಡೆವು ಎಂದು ಈಗಲೂ ಹೇಳುವವರಿದ್ದಾರೆ. ಅವರ ಮುಂದೆಯೇ ಹೇಳಿದವರೂ ಇದ್ದರು. ಆಗೆಲ್ಲ ಬಾಯಾರು ತಲೆ ಅಲ್ಲಾಡಿಸಿ, "ಸವಿತಾಗ ಉಪಯೋಗ ಆಗಲಿಲ್ಲ" ಎಂದುಬಿಡುತ್ತಿದ್ದರು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಒಂದು ದಿನ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಾರೆ. "ಉತ್ತಮ ಕ್ಷಮಾ" ಎಂದು ಕೈಮುಗಿಯುತ್ತಾರೆ. ಬಾಯಾರು ಪ್ರತಿವರ್ಷ ಕಂಡಕ್ಟರನಿಗೂ ಚಹಾದಂಗಡಿಯವನಿಗೂ ನನಗೂ ಕೈಮುಗಿಯುತ್ತಿದ್ದರು. ದಿನಾ ಕಾಡುವವನು ನಾನು, ನೀವ್ಯಾಕೆ ಕೇಳುತ್ತೀರಿ ಎಂದರೆ, "ನೀವು ಕಾಡಿದಾಗ ನಾ ಮನಸಿನ್ಯಾಗ ಬೈದಿರತೇನಲ್ರಿ, ಅದಕ್ಕ" ಎನ್ನುತ್ತಿದ್ದರು. ಸವಿತಾಳ ಮದುವೆಯಾದ ಮೇಲೆ ಆ ದಿನ ಅವರು ಕ್ಲಾಸಿಗೆ ರಜೆ ಹಾಕಿ, ಬಸ್ಸು ಬದಲಿಸಿ, ಅವಳ ಗಂಡನ ಊರಿಗೆ ಹೋಗುತ್ತಿದ್ದರು. ಫೋನಿನಲ್ಲಿ ಹೇಳಿದರೆ ಆಗದೇ ಎಂದು ಕೇಳಿದ್ದೆ. "ಕ್ಷಮಾ ಎದರಾ ಎದರ ನಿಂತು ಕೇಳಬೇಕ್ರಿ" ಎಂದರು.

ಒಂದು ವರ್ಷ ಅವರಿಗೆ ನಡೆಯಲು ಕಷ್ಟವಾಗುತ್ತಿತ್ತು ಎಂದು ನಾನೂ ಹೋದೆ. ಸವಿತಾ ಅಂಗಳ ಸಾರಿಸುತ್ತಿದ್ದಳು. ನಮ್ಮನ್ನು ನೋಡಿ ಕೈ ತೊಳೆದು ಬಂದಳು. ಅವಳು ಬಾಯಿ ತೆರೆಯುವುದರೊಳಗೆ ಬಾಯಾರು ಅವಳ ಎರಡೂ ಕೈ ಹಿಡಿದುಕೊಂಡಿದ್ದರು.

"ಉತ್ತಮ ಕ್ಷಮಾ ಅವ್ವಾ. ನನ್ನಿಂದ ನಿನ್ನ ಬಾಳೇವು ಹಾಳಾತು. ಮನಸಿನ್ಯಾಗ ಇಟಗೋಬ್ಯಾಡ."

ಸವಿತಾ ಕೈ ಬಿಡಿಸಿಕೊಂಡು ಒಳಗೆ ಹೋಗಿ ಚಹಾ ತಂದಳು. ನಾವು ಕುಡಿದು ಮುಗಿಸುವವರೆಗೂ ಬಾಗಿಲ ಚೌಕಟ್ಟು ಹಿಡಿದು ನೆಲ ನೋಡುತ್ತ ನಿಂತಳು. ಅತ್ತೆಯೇ ಊರು ಕೇರಿ ವಿಚಾರಿಸಿದರು. ಹೊರಡುವಾಗಲೂ ಅವಳ ಬಾಯಿಂದ ಒಂದು ಮಾತು ಬರಲಿಲ್ಲ.

ಬಸ್ಸಿನಲ್ಲಿ ಬಾಯಾರು ಕಿಡಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಕಿ ಸಿಟ್ಟ ಇನ್ನೂ ಇಳದಿಲ್ರಿ ಸರ್. ಹೆಂಗ ಇಳೀತೈತಿ?"

"ಎಷ್ಟ ಹಟಾ ರೀ ಆ ಹುಡಿಗಿದು? ಇಷ್ಟ ದೂರ ಬಂದವರಿಗೆ ಒಂದ ಮಾತ ಆಡಬಾರದ?"

"ಬೈಬ್ಯಾಡ್ರಿ. ನನ್ನ ಬಾಯಿ ಮಾತ ನಂಬಿ ಕೆಟ್ಟಾಕಿ ಆಕಿ. ಈಗ ಆಕೀನ್ನ ಮಾತಾಡು ಅನ್ನಾಕ ನಮಗೇನ ಹಕ್ಕೈತಿ?"

ಮರುವರ್ಷ ಹೊಟ್ಟೆಯ ರೋಗ ಕಾಣಿಸಿಕೊಂಡಿತು. ಬೆಳಗಾವಿಯ ದವಾಖಾನೆಯಲ್ಲಿ ಮಲಗಿದಾಗ ದಿನಾ ಸಂಜೆ ಕ್ಲಾಸು ಮುಗಿಸಿ ಹೋಗುತ್ತಿದ್ದೆ. ನಗಿಸಲೆಂದು ಊರ ಸುದ್ದಿ ಒಯ್ಯುತ್ತಿದ್ದೆ. ನನ್ನ ಫೋನಿನ ಬ್ರೌಸರಿನಲ್ಲಿ ಅದನ್ನು ಮಾಡಿದ ಕಂಪನಿಯವರು ಬೀಗದ ಚಿತ್ರವನ್ನೇ ತೆಗೆದು ಬೇರೆ ಗುರುತು ಹಾಕಿದ್ದರು. ಬೀಗ ನೋಡಿ ಜನ ಸುಮ್ಮನೆ ನಂಬುತ್ತಾರೆಂದೇ ತೆಗೆದರಂತೆ ಎಂದು ತೋರಿಸಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಆ ಗುರುತಿನ ಮೇಲೆ ಬೆರಳಿಟ್ಟು ನೋಡಿ, "ಸವಿತಾ ಅರ್ಜಿ ತುಂಬೂಕಿಂತ ಮೊದಲ ತಗದಿದ್ರ" ಎಂದು ಫೋನು ವಾಪಸು ಕೊಟ್ಟರು. ಯಾಕಾದರೂ ತೋರಿಸಿದೆನೋ ಎನಿಸಿತು.

ಪರ್ವದ ದಿನಗಳು ಬಂದು ಹೋದವು. ಅವರಿಗೆ ಎದ್ದು ಕೂಡಲೂ ಆಗುತ್ತಿರಲಿಲ್ಲ. "ಈ ವರ್ಷ ಹೋಗಾಕ ಆಗಲಿಲ್ಲ. ನೀವರ ಒಂದ ಸಲ ಹೋಗಿ ಬರ್ರಿ ಸರ್. ಕ್ಷಮಾ ಮಾಡೇನಿ ಅಂತ ಆಕಿ ಒಂದ ಮಾತ ಅಂದ್ರ ಸಾಕು, ಬಂದು ನನಗ ಹೇಳ್ರಿ" ಎಂದರು. ಆಗಲಿ, ರವಿವಾರ ಹೋಗುತ್ತೇನೆ ಎಂದೆ. ಆಮೇಲಿನ ದಿನಗಳಲ್ಲಿ ಅವರಿಗೆ ಅದೊಂದೇ ಮಾತು. ರವಿವಾರ ಬಂತೇ ಎಂದು ನನ್ನನ್ನು ಕೇಳುತ್ತಿದ್ದರು, ನರ್ಸಿನ ಹತ್ತಿರವೂ ಕೇಳುತ್ತಿದ್ದರು. ಶನಿವಾರ ಬೆಳಗ್ಗೆ ಹೋಗಿಬಿಟ್ಟರು.

ಶಹಾಪುರದ ಮನೆಗೆ ಮಾತಾಡಿಸಲು ಬಂದವರಲ್ಲಿ ಸವಿತಾ ಇದ್ದಳು. ಯಾರೋ ಫೋನಿನಲ್ಲಿ ಸುದ್ದಿ ಕಳಿಸಿದ್ದರಂತೆ. ಕಂಕುಳಲ್ಲಿ ಕೂಸು. ಬಾಯಾರ ಫೋಟೋದ ಮುಂದೆ ಕುಳಿತವಳು ಎದ್ದೇಳಲಿಲ್ಲ, ಅಳು ನಿಲ್ಲಿಸಲಿಲ್ಲ. ಬದುಕಿದ್ದಾಗ ಒಂದು ಮಾತಾಡದವಳು ಈಗ ಅಳುತ್ತಾಳೆ ಎಂದು ನನಗೆ ಒಳಗೊಳಗೇ ಉರಿಯಿತು. ಹೊತ್ತು ಇಳಿದಾಗ ಅವಳನ್ನು ಬಸ್ಸಿಗೆ ಹತ್ತಿಸಿ ಬಾ ಎಂದು ಮನೆಯವರು ನನಗೆ ಹೇಳಿದರು.

ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಹಳಿಯಾಳದ ಬಸ್ಸು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ಕುಳಿತೆವು. ಕೂಸು ಮಲಗಿತ್ತು. ಅವಳು ನನ್ನ ಕಡೆ ನೋಡದೆ ಮಾತಾಡಿದಳು.

"ಸರ್, ಆ ಅರ್ಜಿ ನಾ ತುಂಬಿರಲಿಲ್ರಿ. ಅಣ್ಣ ತುಂಬಿದ್ದ. ಯಾರೋ ಗೆಳ್ಯಾ ಅದರ ಲಿಂಕ್ ಕಳಿಸಿದ್ನಂತ. ನಾ ಬೀಗ ನೋಡಿರಲಿಲ್ಲ, ಆ ಪುಟಾನ ನೋಡಿರಲಿಲ್ಲ. ಅವತ್ತ ಅಂವ ಬಾಗಲದಾಗ ನಿಂತಿದ್ದ. ಅವನ ಹೆಸರ ಹೇಳಿದ್ರ ಮನ್ಯಾಗ ನನ್ನ ಉಳಸ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ನಿ."

ಎದುರಿಗೆ ಬಂದು ನಿಂತ ಬಸ್ಸಿನ ಬೋರ್ಡು ಓದಿದೆ, ಹಳಿಯಾಳದ್ದಲ್ಲ.

"ಮುಂದಿನ ಸಲ ಬಂದಾಗ ಖರೇ ಹೇಳತೇನಿ ಅಂತ ಪ್ರತಿ ವರ್ಷ ಅನಕೋತಿದ್ನಿ. ಅವರು ಬರತಿದ್ದಂಗ ಕೈ ಹಿಡಕೊಂಡು ಮೊದಲ ಕ್ಷಮಾ ಕೇಳಿಬಿಡತಿದ್ರು. ಅಂಥಾ ದೊಡ್ಡವರು ನನ್ನ ಮುಂದ ಕೈಮುಗದು ನಿಂತ ಮ್ಯಾಲ, ನಾ ಸುಳ್ಳ ಹೇಳಿದ್ನಿ ಅಂತ ಹೆಂಗ ಹೇಳ್ಲಿ? ಬಾಯಿ ಕಟ್ಟತಿತ್ರಿ."

ಸಂತೆಯಲ್ಲಿ ಬಾಯಾರು ತಕ್ಕಡಿ ನಿಲ್ಲಿಸಿದ್ದು, ನಮ್ಮ ಓಣಿಯ ಮನೆಮನೆಯ ಬಾಗಿಲಲ್ಲಿ ನಿಂತದ್ದು, ಬಸ್ಸಿನ ಕಿಡಕಿಗೆ ಮುಖ ಮಾಡಿ ಕಣ್ಣೊರೆಸಿಕೊಂಡದ್ದು ಎಲ್ಲ ಒಟ್ಟಿಗೇ ನೆನಪಾಯಿತು. ಕಲಿಸಿದ ಪಾಠ ತಪ್ಪಿತ್ತು, ನಿಜ. ಆದರೆ ಅದರಿಂದ ಈ ಹುಡುಗಿ ಕೆಟ್ಟಿರಲಿಲ್ಲ. ಅದೊಂದು ಮಾತು ಕೇಳಿದ್ದರೆ ಬಾಯಾರು ಆ ಮಂಚದ ಮೇಲೆ ನೆಮ್ಮದಿಯಿಂದ ಕಣ್ಣುಮುಚ್ಚುತ್ತಿದ್ದರು. ಅವಳನ್ನು ಬೈದುಬಿಡಬೇಕು ಎನಿಸಿತು. ನನಗೆ ಬೈಯುವುದು ಹೊಸದೇನಲ್ಲ. ಪಕ್ಕಕ್ಕೆ ನೋಡಿದೆ. ಅವಳು ಕೂಸು ಎಚ್ಚರಾಗದಂತೆ ಅದರ ಬೆನ್ನು ತಟ್ಟುತ್ತಿದ್ದಳು.

ಹಳಿಯಾಳದ ಬಸ್ಸು ಬಂತು. ನಾನು ಅವಳ ಚೀಲ ಎತ್ತಿಕೊಂಡೆ. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ನಿಂತಳು.

"ಸರ್, ಹೋಗೂ ಮುಂದ ಬಾಯಾರು ನನ್ನ ಹೆಸರ ಏನರ ತಗದಿದ್ರೇನ್ರಿ?"

ಕಂಡಕ್ಟರು ಸೀಟಿ ಊದಿದ. ಚೀಲವನ್ನು ಅವಳ ಕೈಗೆ ಕೊಟ್ಟೆ.

"ಇಲ್ಲವ್ವಾ" ಎಂದೆ. "ಕಡೀಕ ಅವರಿಗೆ ಯಾರದೂ ನೆನಪಿರಲಿಲ್ಲ."